ಉತ್ತಂಗಿ ಚನ್ನಪ್ಪನವರ ಸೇವಾಮಾರ್ಗ ಮತ್ತು ಕಲಬುರಗಿ ಸೀಮೆಯ ಕ್ರೈಸ್ತ ಸಭೆ

1949ರಲ್ಲಿ ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ನೆರವೇರಿತು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಶಾಲೆ ಕಚೇರಿಗಳೆರಡರಲ್ಲೂ ಮೂಲೆಗುಂಪಾಗಿದ್ದ ಕನ್ನಡವು ಆಗತಾನೆ ತಲೆಯೆತ್ತುತ್ತಿದ್ದ ಕಾಲವದು. ಅಂತಹ ಸನ್ನಿವೇಶದಲ್ಲಿ, ಕಲ್ಯಾಣಕ್ಕೆ ಸಮೀಪದ ಈ ಶರಣಭೂಮಿಯಲ್ಲಿ, ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಒಬ್ಬ ಕ್ರೈಸ್ತ ಸಭಾಪಾಲಕರು, ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಈ ಘಟನೆಯನ್ನು ಸಾಹಿತ್ಯ ಚರಿತ್ರೆಕಾರರು ಒಂದು ಸಾಲಿನಲ್ಲಿ ದಾಖಲಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಧರ್ಮಸೇವೆಯೆಂದರೇನು, ಒಂದು ಊರಿನ ಸಭೆಯು ಆತ್ಮದಲ್ಲಿ ಬೆಳೆಯುವುದೆಂದರೇನು ಎಂಬ ಪ್ರಶ್ನೆಗಳಿಗೆ ಅವರ ಕೃತಿಗಳಲ್ಲಿ ಒಂದು ಉತ್ತರವಿದೆ. ಅದನ್ನು ವಿಮರ್ಶೆಯ ಒರೆಗೆ ಹಚ್ಚಿ ನೋಡುವುದು ಅವಶ್ಯ.

ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿ 1962ರಲ್ಲಿ ಕಾಲವಶರಾದರು. ಬಾಸೆಲ್ ಮಿಶನ್ನಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ, ಉತ್ತರ ಕರ್ನಾಟಕದಲ್ಲಿ ಸಭಾಪಾಲಕರಾಗಿ ದುಡಿದರು. ಆ ಮಿಶನ್ನು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತ್ತು. ಮೋಗ್ಲಿಂಗರು ಹೊರತಂದ ಗ್ರಂಥಮಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆಯೇ ಬಸವಪುರಾಣವು ಅಚ್ಚಿನ ರೂಪವನ್ನು ಕಂಡಿತು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಈ ವಿದ್ವಾಂಸರ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೂ ಅವರ ಅಧ್ಯಯನದ ಮೂಲದಲ್ಲಿ, ಯಾರಿಗೆ ಉಪದೇಶ ಮಾಡಬೇಕೋ ಅವರ ಮನಸ್ಸನ್ನು ಅರಿಯಬೇಕೆಂಬ ಉದ್ದೇಶವಿತ್ತು. ಚನ್ನಪ್ಪನವರಲ್ಲಿ ಈ ಉದ್ದೇಶವು ಬೇರೊಂದು ತಿರುವನ್ನು ಪಡೆಯಿತು. ಅವರು ಅರಿಯಹೊರಟ ಮನಸ್ಸು ಅವರದೇ ಆಗಿತ್ತು. ತಮ್ಮನ್ನು 'ತಿರುಳ್ಗನ್ನಡದ ತಿರುಕ'ನೆಂದು ಕರೆದುಕೊಂಡ ಈ ಪಾದ್ರಿಗಳು ಮನೆಮನೆಗೆ ಕೊಡಲು ಹೋದವರಲ್ಲ, ಬೇಡಲು ಹೋದವರು.

ಬೇಡಿ ತಂದ ಭಿಕ್ಷೆಯೆಂದರೆ 1924ರಲ್ಲಿ ಪ್ರಕಟವಾದ 'ಸರ್ವಜ್ಞನ ವಚನಗಳು'. ಜನರ ನಾಲಗೆಯ ಮೇಲೂ ಓಲೆಗರಿಗಳಲ್ಲೂ ಚದುರಿಹೋಗಿದ್ದ ತ್ರಿಪದಿಗಳನ್ನು ಕಲೆಹಾಕಿ, ವಿಷಯಾನುಸಾರವಾಗಿ ಪದ್ಧತಿಗಳನ್ನಾಗಿ ವಿಂಗಡಿಸಿದ ಈ ಸಂಕಲನವು ಸರ್ವಜ್ಞನ ಅಧ್ಯಯನಕ್ಕೆ ಅಡಿಗಲ್ಲಾಯಿತು. ಬಾಯಿಂದ ಬಾಯಿಗೆ ಹರಿದ ಸಾಹಿತ್ಯದಲ್ಲಿ ಪ್ರಕ್ಷಿಪ್ತಗಳು ಸೇರುವುದು ಸಹಜ. ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತವಾಗಿರುವ ಎಲ್ಲವೂ ಒಬ್ಬನ ಕೃತಿಯೆಂದು ಒಪ್ಪಲಾಗದು. ಪಾಠನಿರ್ಣಯದ ದೃಷ್ಟಿಯಿಂದ ಈ ಕೊರತೆಯನ್ನು ಎತ್ತಿ ತೋರಿಸುವುದು ನ್ಯಾಯವೇ. ಆದರೆ ಗಮನಿಸಬೇಕಾದ ಮಾತು ಇನ್ನೊಂದಿದೆ. ಸಭಾಪಾಲಕರೊಬ್ಬರು ತಮ್ಮ ಆಯುಷ್ಯದ ಬಹುಭಾಗವನ್ನು ಸಭೆಯ ಹೊರಗಿನ ಒಬ್ಬ ಶಿವಕವಿಗೆ ಮೀಸಲಿಟ್ಟರು, ಹಾಗೂ ಅದರಿಂದ ತಮ್ಮ ದೀಕ್ಷೆಗೆ ಭಂಗ ಬಂದಿತೆಂದು ಭಾವಿಸಲಿಲ್ಲ.

ಅವರ ಧಾರ್ಮಿಕ ಗ್ರಂಥಗಳ ಹೆಸರುಗಳೇ ಅವರ ನಿಲುವನ್ನು ಸಾರುತ್ತವೆ. 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಎಂಬಲ್ಲಿ 'ವಿನಂತಿ' ಎಂಬ ಪದವು ಅಕಸ್ಮಾತ್ತಾಗಿ ಬಂದುದಲ್ಲ. ವಿನಂತಿ ಮಾಡುವವನು ಎದುರಿನವರ ಹಿರಿತನವನ್ನು ಒಪ್ಪಿರುತ್ತಾನೆ. ಒಲ್ಲೆನೆನ್ನುವ ಹಕ್ಕನ್ನು ಅವರಿಗೆ ಉಳಿಸಿರುತ್ತಾನೆ. ಖಂಡನೆಯಿಂದ ಹೊರಟ ಪ್ರಚಾರ ಸಾಹಿತ್ಯಕ್ಕೂ ವಿನಂತಿಯಿಂದ ಹೊರಟ ಈ ಬರಹಕ್ಕೂ ಇರುವ ಅಂತರವು ಕೇವಲ ಸೌಜನ್ಯದ ಅಂತರವಲ್ಲ. ದೇವರು ತನಗಿಂತ ಮೊದಲೇ ನೆರೆಮನೆಗೆ ಬಂದಿರಬಹುದೆಂಬ ನಂಬಿಕೆಯ ಅಂತರ.

ವೀರಶೈವ ಸಾಹಿತ್ಯಕ್ಕೆ ಅವರು ಸಲ್ಲಿಸಿದ ಸೇವೆಯು ಸುವಿದಿತವಾಗಿದೆ. ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳ ಹಾಗೂ ಆದಯ್ಯನ ವಚನಗಳ ಸಂಪಾದನೆ ಅವರ ಪರಿಶ್ರಮಕ್ಕೆ ಸಾಕ್ಷಿ. ಅನುಭವ ಮಂಟಪವು ಕೇವಲ ಕವಿಕಲ್ಪನೆಯೆಂಬ ವಾದವು ತಲೆಯೆತ್ತಿದಾಗ, 1951ರಲ್ಲಿ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನು ಬರೆದು ಉತ್ತರ ಕೊಟ್ಟವರು ಈ ಕ್ರೈಸ್ತ ವಿದ್ವಾಂಸರು. ಇಲ್ಲಿಯೂ ವಿಮರ್ಶಕನು ಎಚ್ಚರ ತಪ್ಪಬಾರದು. ಶೂನ್ಯಸಂಪಾದನೆಗಳು ಬಸವಣ್ಣನವರ ಕಾಲಕ್ಕಿಂತ ಶತಮಾನಗಳಷ್ಟು ಈಚಿನ ಸಂಕಲನಗಳು. ಅವುಗಳ ನಾಟಕೀಯ ಸನ್ನಿವೇಶಗಳನ್ನು ಹನ್ನೆರಡನೆಯ ಶತಮಾನದ ನಡಾವಳಿಯೆಂದು ಓದಲಾಗದು. ಮಂಟಪವು ಕಲ್ಲಿನ ಕಟ್ಟಡವಾಗಿತ್ತೇ ಎಂಬುದಕ್ಕಿಂತ, ಹರಳಯ್ಯ, ಮೋಳಿಗೆಯ ಮಾರಯ್ಯರಂತಹ ಕಾಯಕಜೀವಿಗಳಿಗೆ ಸಮಾನವಾಗಿ ಸ್ಥಾನ ನೀಡಿದ ಶರಣಸಮೂಹವೊಂದು ಇತ್ತೆಂಬುದೇ ಮುಖ್ಯ. ಚನ್ನಪ್ಪನವರನ್ನು ಸೆಳೆದುದೂ ಇದೇ ಆಗಿರಬೇಕು. ಸಭೆಯೆಂದರೆ ಗೋಡೆಯಲ್ಲ, ಕೂಡಿ ಕುಳಿತವರ ಅನುಭಾವ ಎಂಬುದನ್ನು ಅವರ ಶಾಸ್ತ್ರವೂ ಹೇಳುತ್ತಿತ್ತು.

ಈ ಮಾರ್ಗದ ನಿಜವಾದ ಪರೀಕ್ಷೆಯು ಗ್ರಂಥಾಲಯದಲ್ಲಲ್ಲ, ಊರುಕೇರಿಗಳಲ್ಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನೇ ನೋಡಬಹುದು. ಪರವಿಚಾರ ಸಹಿಷ್ಣುತೆಯನ್ನು ಕೊಂಡಾಡಿದ ಕವಿರಾಜಮಾರ್ಗವು ರೂಪುಗೊಂಡ ರಾಷ್ಟ್ರಕೂಟರ ರಾಜಧಾನಿ ಮಳಖೇಡವಿರುವುದು ಸೇಡಂ ತಾಲ್ಲೂಕಿನಲ್ಲಿ. ಬೌದ್ಧ ಸ್ತೂಪದ ಅವಶೇಷಗಳನ್ನು ಹೊತ್ತ ಸನ್ನತಿಯು ಚಿತ್ತಾಪುರ ತಾಲ್ಲೂಕಿನದು. 1874ರಲ್ಲಿ ನಿಜಾಮರ ರೈಲುಮಾರ್ಗವು ಸಿಕಂದರಾಬಾದಿನಿಂದ ವಾಡಿಗೆ ಬಂದು ಸೇರಿತು. ಶಹಾಬಾದದ ಹಾಸುಗಲ್ಲು, ಸಿಮೆಂಟು ಕಾರ್ಖಾನೆಗಳು, ರೈಲಿನ ದುಡಿಮೆ ಇವು ನಾಲ್ಕೂ ಕಡೆಯ ಜನರನ್ನು ಕೂಡಿಸಿದವು. ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಒಂದೇ ಓಣಿಯಲ್ಲಿ ಕೇಳಿಬರುವ ನಾಡಿದು. ಬೀದರ ಕಲಬುರಗಿಗಳ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೆಥಡಿಸ್ಟ್ ಮಿಶನ್ನು ಕೆಲಸ ಮಾಡಿತು. 2005ರಲ್ಲಿ ಕಲಬುರಗಿಯು ಕ್ಯಾಥೋಲಿಕ ಧರ್ಮಪ್ರಾಂತ್ಯದ ಕೇಂದ್ರವೂ ಆಯಿತು. ಈ ಸೀಮೆಯ ಹಳ್ಳಿಗಳಲ್ಲಿ ಮಿಶನ್ನಿನ ಕರೆಗೆ ಓಗೊಟ್ಟವರಲ್ಲಿ ಬಹುಮಂದಿ ಊರಾಚೆಯ ಕೇರಿಗಳ ಬಡಜನರು.

ಇಲ್ಲಿಯ ಆರಾಧನೆಯ ಕನ್ನಡವನ್ನು ಕೇಳಿದ ಭಕ್ತನಿಗೆ ಅಚ್ಚರಿಯಾಗದಿರದು. ದೀಕ್ಷಾಸ್ನಾನ, ಗುರು, ಕೃಪೆ, ಪರಮಪ್ರಸಾದ ಮುಂತಾದ ಪದಗಳು ಅವನ ಕಿವಿಗೆ ಅಪರಿಚಿತವಲ್ಲ. 1831ರಲ್ಲಿ ಬಳ್ಳಾರಿಯ ಮಿಶನರಿಗಳ ಶ್ರಮದಿಂದ ಇಡೀ ಬೈಬಲ್ಲು ಕನ್ನಡಕ್ಕೆ ಬಂದಂದಿನಿಂದ ಈ ಎರವಲು ನಡೆದಿದೆ. ಆದರೆ ಪದವನ್ನು ತರುವುದು ಸುಲಭ. ಪದದ ಹಿಂದಿನ ಅನುಭವವನ್ನು ತರುವುದು ಕಷ್ಟ. ಪ್ರಸಾದವೆಂಬ ಮಾತಿನಲ್ಲಿ ದಾಸೋಹದ ಎಂಟುನೂರು ವರ್ಷಗಳ ನೆನಪಿದೆ. ಅದನ್ನರಿಯದ ಬೋಧಕನ ಬಾಯಲ್ಲಿ ಅದು ಬರಿಯ ಭಾಷಾಂತರವಾಗಿ ಉಳಿಯುತ್ತದೆ. ಅರಿತವನ ಬಾಯಲ್ಲಿ ಅದು ಕೇಳುವವನ ಅಜ್ಜಿಯ ಮಾತಾಗುತ್ತದೆ. ಹೊರಗಿನಿಂದ ಬಂದ ಸಿದ್ಧ ಪ್ರವಚನ, ಸಿದ್ಧ ಗೀತೆಗಳಿಂದ ಸಭೆಯ ಸಂಖ್ಯೆ ಬೆಳೆದೀತು. ಸಭೆಯ ಆತ್ಮವು ಬೆಳೆಯಬೇಕಾದರೆ ಕಲ್ಲುಗಣಿಯ ಕೂಲಿಕಾರನು ತನ್ನ ನೋವನ್ನು ತನ್ನ ನುಡಿಯಲ್ಲಿಯೇ ದೇವರ ಮುಂದಿಡುವಂತಾಗಬೇಕು. ಚನ್ನಪ್ಪನವರ ಬದುಕು ಕಲಿಸುವ ಪಾಠವಿದು.

ಇಷ್ಟನ್ನು ಹೇಳಿ ಮುಗಿಸಿದರೆ ವಿಮರ್ಶೆಯು ಅರ್ಧಸತ್ಯವಾಗುತ್ತದೆ. ಹರಳಯ್ಯನ ಮನೆಯ ಮದುವೆಗಾಗಿ ಕಲ್ಯಾಣವು ನೆತ್ತರನ್ನು ಸುರಿಸಿತೆಂದು ಶರಣರ ಚರಿತೆಗಳು ಹೇಳುತ್ತವೆ. ಆ ನೆಲಕ್ಕೆ ಹತ್ತಿರದ ಊರುಗಳಲ್ಲಿಯೇ ಹರಳಯ್ಯನ ಕುಲದವರಿಗೆ ಬಾವಿ ಗುಡಿಗಳ ಬಾಗಿಲು ಶತಮಾನಗಳ ಕಾಲ ಮುಚ್ಚಿತ್ತೆಂಬುದನ್ನು ಯಾರು ಅಲ್ಲಗಳೆಯಬಲ್ಲರು? ಅಕ್ಷರ, ಔಷಧ, ಒಂದು ಹೆಸರು ಹಿಡಿದು ಕರೆಯುವ ಗೌರವ ಇವನ್ನು ಅರಸಿ ಅವರು ಬೇರೆ ಬಾಗಿಲನ್ನು ತಟ್ಟಿದ್ದರೆ, ಮತಾಂತರವೆಂದು ಹಳಹಳಿಸುವ ಮುನ್ನ ತಮ್ಮ ಬಾಗಿಲು ಏಕೆ ತೆರೆಯಲಿಲ್ಲವೆಂದು ಭಕ್ತಸಮುದಾಯವು ತನ್ನನ್ನೇ ಕೇಳಿಕೊಳ್ಳಬೇಕು. ಹೊಸ ಬಾಗಿಲಿನೊಳಗೂ ಹಳೆಯ ಜಾತಿಯ ನೆರಳು ಸುಳಿದಿದ್ದರೆ, ಆ ಪ್ರಶ್ನೆಯನ್ನು ಕ್ರೈಸ್ತ ಸಭೆಯೂ ಎದುರಿಸಬೇಕು. ಎರಡು ಸಭೆಗಳೂ ಒಂದೇ ಉತ್ತರಪತ್ರಿಕೆಯನ್ನು ಬರೆಯುತ್ತಿವೆ.

ಕ್ರೈಸ್ತರೊಬ್ಬರು ಶರಣರ ವಚನಗಳನ್ನು ಬೆಳಕಿಗೆ ತಂದರು. ಅದಕ್ಕೆ ಪ್ರತಿಯಾಗಿ ಚನ್ನಪ್ಪನವರ ಧಾರ್ಮಿಕ ಬರಹಗಳನ್ನು ಶ್ರದ್ಧೆಯಿಂದ ಓದಿದ ವೀರಶೈವ ವಿದ್ಯಾರ್ಥಿಗಳು ಎಷ್ಟು ಮಂದಿ? ಅವರನ್ನು 'ಸರ್ವಜ್ಞನ ಸಂಪಾದಕ'ರೆಂದಷ್ಟೇ ನೆನೆಯುವುದು ಅವರ ಅರ್ಧವನ್ನು ಮಾತ್ರ ಸ್ವೀಕರಿಸಿದಂತೆ. ವಿನಂತಿಯನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಅದನ್ನು ಓದಿ ನೋಡುವುದು ಮಾತ್ರ ಋಣಸಂದಾಯ. ಕಲಬುರಗಿಯ ಸಾಹಿತ್ಯಾಭ್ಯಾಸಿಗಳು ಈ ಕಾರ್ಯವನ್ನು ಕೈಗೊಂಡರೆ, 1949ರ ಆ ಅಧ್ಯಕ್ಷಪೀಠಕ್ಕೆ ಸಲ್ಲಬೇಕಾದ ಗೌರವವು ಸಂದೀತು.