ಕಪಾಟಿಗೆ ಬೀಗ ಹಾಕುವವರಿಗೆ

ಘಟ್ಟದ ಬುಡದಲ್ಲಿ ಪುಸ್ತಕ ಸಾಕುವುದು ಅಡಿಕೆ ತೋಟ ಮಾಡಿದಷ್ಟೇ ಫಜೀತಿಯ ಕೆಲಸ. ಅಡಿಕೆಗಾದರೆ ಕೊಳೆರೋಗ ಬಂದೀತೆಂದು ಬೋರ್ಡೋ ಹೊಡೆಯಬಹುದು, ಪುಸ್ತಕಕ್ಕೆ ಅದೂ ಇಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್ ಕಳೆಯುವ ತನಕ ಚಾರ್ಮಾಡಿ, ನೆರಿಯ, ಮುಂಡಾಜೆ ಕಡೆಯ ಮನೆಗಳಲ್ಲಿ ಗೋಡೆ ಬೆವರುತ್ತದೆ, ಹಾಳೆ ಮೆತ್ತಗಾಗುತ್ತದೆ, ರಟ್ಟಿನ ಮೇಲೆ ಬಿಳಿ ಬೂಷ್ಟು ಬಂದು ಕೂರುತ್ತದೆ, ಬೆನ್ನಿನ ಅಂಟನ್ನು ಜಿರಳೆ ತಿನ್ನುತ್ತದೆ. ಮಳೆ ಬಿಟ್ಟಿತು ಎಂದರೆ ಒರಲೆಯ ಸರದಿ. ಬಜೆಬೇರು, ಬೇವಿನ ಸೊಪ್ಪು, ನುಸಿಗುಳಿಗೆ ಎಂದು ಎಲ್ಲ ಔಷಧೋಪಚಾರವೂ ನಮ್ಮಲ್ಲಿ ನಡೆದಿದೆ. ಕಂಡುಕೊಂಡದ್ದು ಇಷ್ಟು: ಬೂಷ್ಟು ಮೊದಲು ಹಿಡಿಯುವುದು ಬೀಗ ಹಾಕಿದ ಗಾಜಿನ ಕಪಾಟಿನ ಪುಸ್ತಕಗಳಿಗೆ. ನಾಲ್ಕು ಮನೆ ಸುತ್ತಿ, ಚಹದ ಕಲೆ ಅಂಟಿಸಿಕೊಂಡು, ಮೂಲೆ ಮಡಚಿಕೊಂಡು ಬಂದ ಪ್ರತಿ ಹೇಗೋ ಬದುಕಿಕೊಳ್ಳುತ್ತದೆ. ಅದಕ್ಕೆ ಗಾಳಿ ತಾಗಿರುತ್ತದೆ.

ಆದ್ದರಿಂದ ‘ಪುಸ್ತಕ ಕೇಳಬೇಡಿ’ ಎಂದು ಕಪಾಟಿನ ಮೇಲೆ ಚೀಟಿ ಅಂಟಿಸುವ ಓದುಗರ ಜೊತೆ ನನ್ನದೊಂದು ತಕರಾರು ಇದ್ದೇ ಇದೆ. ಪುಸ್ತಕ ಪರರ ಕೈ ಸೇರಿದರೆ ಹೋದ ಹಾಗೆಯೇ ಎನ್ನುತ್ತಾರೆ. ಹೋಗಲಿ ಬಿಡಿ! ನಮ್ಮ ಘಾಟಿ ಹತ್ತಿದರೆ ಕೊಟ್ಟಿಗೆಹಾರ, ಅದರಾಚೆ ಮೂಡಿಗೆರೆ. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ತನಕ ಕಾಫಿ ತೋಟ ಮಾಡಿಕೊಂಡು, ಬರೆದುಕೊಂಡು ಇದ್ದದ್ದು ಅಲ್ಲಿ. 1980ರಲ್ಲಿ ಬಂದ ಅವರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕವರ ಕತೆ ಇದೆಯಲ್ಲ, ಅದು ನನ್ನ ಮನೆಯಿಂದ ಎಷ್ಟು ಸಲ ಹೊರಗೆ ಹೋಗಿದೆಯೋ ಲೆಕ್ಕ ಇಟ್ಟವನಲ್ಲ. ಹೋದ ಹಾಗೆಲ್ಲ ಇನ್ನೊಂದು ತಂದಿಟ್ಟಿದ್ದೇನೆ. ಕೊಂಡುಹೋದವರು ಹಿಂದೆ ಕೊಡದೆ ಇರುವುದು ಆ ಪುಸ್ತಕಕ್ಕೆ ಸಲ್ಲುವ ಮರ್ಯಾದೆ. (ಬೇರೆ ಕೆಲವು ಪುಸ್ತಕಗಳ ಬಗ್ಗೆ ಇಷ್ಟು ಧಾರಾಳವಾಗಿ ಮಾತಾಡಲಾರೆ. ಆ ಪಟ್ಟಿ ಇಲ್ಲಿ ಬೇಡ.)

ಬೀಗದ ಮಾತು ಬಂದ ಮೇಲೆ ಮೂಡುಬಿದಿರೆಗೆ ಹೋಗದೆ ಉಪಾಯವಿಲ್ಲ. ಅಲ್ಲಿನ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳನ್ನು ಕಾಪಾಡಿದ್ದು ಅಲ್ಲಿ ಎಂಬ ಕಾರಣಕ್ಕೆ. ಧವಲಾ ಟೀಕೆಯನ್ನು ವೀರಸೇನಾಚಾರ್ಯರು ಮುಗಿಸಿದ್ದು 9ನೆಯ ಶತಮಾನದ ಆರಂಭದಲ್ಲಿ. ಜಯಧವಲಾವನ್ನು ಅವರು ನಡುವಿನಲ್ಲಿ ಬಿಟ್ಟುಹೋದಾಗ ಶಿಷ್ಯ ಜಿನಸೇನರು ಪೂರ್ತಿ ಮಾಡಿದರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಮಾತ್ರ ಹಳಗನ್ನಡದ್ದು. ಉಳಿದ ಕಡೆಯ ಪ್ರತಿಗಳೆಲ್ಲ ಅಳಿದು, ಇಡೀ ದೇಶಕ್ಕೆ ಇದೊಂದೇ ಆಸರೆ ಎನ್ನುವ ಸ್ಥಿತಿ ಬಂದಿತ್ತು. ಈ ಮಳೆಯ ಸೀಮೆಯಲ್ಲಿ, ಒರಲೆಯ ಬಾಯಿಂದ ತಪ್ಪಿಸಿ, ಅಷ್ಟು ಶತಮಾನ ಓಲೆಗಳನ್ನು ಉಳಿಸಿಕೊಟ್ಟವರ ಋಣ ಸಣ್ಣದಲ್ಲ. ಆದರೆ ಗ್ರಂಥಗಳು ಇದ್ದದ್ದು ದರ್ಶನಕ್ಕೆ. ದೂರದೂರದಿಂದ ಬಂದ ಯಾತ್ರಿಕರು ಓಲೆಕಟ್ಟಿಗೆ ಕೈಮುಗಿದು ಹೋಗುತ್ತಿದ್ದರು, ಓದುವವರು ಇರಲಿಲ್ಲ.

19ನೆಯ ಶತಮಾನದ ಕೊನೆಗೆ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಎಂಬ ಶೇಠರಿಗೆ ಓಲೆ ಶಿಥಿಲವಾಗುತ್ತಿರುವ ಚಿಂತೆ ಹತ್ತಿತು. ಹಣ ಕೂಡಿಸಿ, ಮೂಡುಬಿದಿರೆಯವರನ್ನು ಒಪ್ಪಿಸಿ, ನಕಲು ಮಾಡಿಸಲು ಶುರುಮಾಡಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಉಪಾಧ್ಯಾಯರು ಓಲೆ ಬಿಡಿಸಿ ಬರೆಯಲು ಕೂತರು. 1896ರ ಸುಮಾರಿಗೆ ಹಿಡಿದ ಕೆಲಸ, ಮೂರೂ ಗ್ರಂಥ ಮುಗಿಯುವಾಗ 1922. ಆ ಪ್ರತಿಗಳೂ ಉಳಿದದ್ದು ಮೂಡುಬಿದಿರೆಯಲ್ಲೇ. ಅಂದರೆ ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ!

ಈಗ ಬರುವುದು ನನಗೆ ಬಹಳ ಇಷ್ಟವಾದ ಭಾಗ. ಗಜಪತಿ ಉಪಾಧ್ಯಾಯರು ಒಪ್ಪಿಕೊಂಡ ಕೆಲಸದ ಜೊತೆಗೆ ಇನ್ನೊಂದನ್ನೂ ಮಾಡಿದರು. ಮನೆಯಲ್ಲಿ, ಯಾರಿಗೂ ಹೇಳದೆ, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಕನ್ನಡ ಲಿಪಿಯಲ್ಲಿ ಬೇರೆಯದೇ ಪ್ರತಿ ಬರೆದಿಟ್ಟರು. ಆಕೆ ಓದುಬರಹ ಬಲ್ಲ ವಿದುಷಿ. ಆ ಪ್ರತಿಯನ್ನು ಹೊತ್ತುಕೊಂಡು ಸೊಲ್ಲಾಪುರಕ್ಕೆ, ಮುಂಬಯಿಗೆ ಹೋದರೆ ಶೇಠರು, ಇದು ನ್ಯಾಯವಲ್ಲ ಎಂದು ಮುಟ್ಟಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದ್ ಎಂಬವರು ಕೊಂಡು ತಮ್ಮಲ್ಲಿಯ ಜಿನಮಂದಿರದಲ್ಲಿ ಇಟ್ಟರು. ಅದನ್ನು ಅಲ್ಲಿ ದೇವನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ಮತ್ತೆ ಅದೇ ಕೆಲಸ ಮಾಡಿದರು, ತಮಗೆಂದು ಒಂದು ಪ್ರತಿ ಉಳಿಸಿಕೊಂಡರು! ಅದರಿಂದ ಆರಾ, ಕಾರಂಜಾ, ಅಮರಾವತಿ ಎಂದು ಊರೂರಿಗೆ ನಕಲುಗಳು ಹಬ್ಬಿದವು. 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಈ ಇಡೀ ಕತೆಯನ್ನು ಅವರು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮುಂದಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯವರೇ ಮುಂದೆ ಬಂದು, ಮೂಲ ಓಲೆಯೊಂದಿಗೆ ತಾಳೆ ನೋಡಿ ಪಾಠ ತಿದ್ದಲು ಸಹಾಯ ಮಾಡಿದರು ಎನ್ನುವುದನ್ನೂ ಮರೆಯಬಾರದು.

ಕಳವೋ ಅಲ್ಲವೋ ಎಂದು ಬೇಕಾದವರು ವಾದಿಸಲಿ. ಕೊಟ್ಟ ಮಾತು ಮುರಿದದ್ದು ನಿಜ. ಆದರೂ ನನ್ನ ಮತ ಲಕ್ಷ್ಮೀಬಾಯಿಗೆ. ನಮ್ಮ ನಾಡಿನ ಗ್ರಂಥಾಲಯಗಳ ಚರಿತ್ರೆ ಬರೆಯುವವರು ಕಾಯ್ದೆ, ಇಲಾಖೆ, ನಿರ್ದೇಶಕರು ಎಂದು ಶುರುಮಾಡುತ್ತಾರೆ. ಆಕೆಗೆ ಮೊದಲು ಒಂದು ಪುಟ ಕೊಡಬೇಕು.

ಮೂಡುಬಿದಿರೆಯ ಬಗ್ಗೆ ಇನ್ನೊಂದು ಮಾತು. ಗ್ರಂಥಗಳ ಪಟ್ಟಿಯನ್ನು ಕಾದಂಬರಿಯ ಹಾಗೆ ಓದುವ ಚಟ ನಿಮಗಿದ್ದರೆ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಹುಡುಕಿ ನೋಡಿ. ಮೂಡುಬಿದಿರೆ, ಕಾರ್ಕಳ, ಅಳಿಯೂರಿನ ಭಂಡಾರಗಳ ಓಲೆಗಳನ್ನು ಒಂದೊಂದಾಗಿ ಬಿಚ್ಚಿ, ವಿಷಯ, ಕರ್ತೃ, ಭಾಷೆ ಗುರುತಿಸಿ ಕಟ್ಟಿದ ಸೂಚಿ ಅದು. 1948ರಲ್ಲಿ ಕಾಶಿಯಲ್ಲಿ ಪ್ರಕಟವಾಯಿತು. ಪ್ರಕಟಿಸಿದ್ದು ಭಾರತೀಯ ಜ್ಞಾನಪೀಠ. ಕಾರಂತರಿಗೆ 1977ರ ಪ್ರಶಸ್ತಿ ಕೊಟ್ಟರಲ್ಲ, ಅದೇ ಸಂಸ್ಥೆ. ಪ್ರಶಸ್ತಿ ಎಂಬುದು ಅದಕ್ಕೆ ಆಮೇಲೆ ಬಂದ ಯೋಚನೆ, ಹುಟ್ಟಿದ್ದು ಇಂಥ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸಲು.

ಕೂಡಿ ಓದುವುದಕ್ಕೆ ಈಗ ‘ಬುಕ್ ಕ್ಲಬ್’ ಎಂಬ ಹೆಸರು ಬಂದಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಜನ ಚಾಪೆ ಹಾಸಿಕೊಂಡು, ಒಬ್ಬರಿಗೊಬ್ಬರು ಮಾತಾಡದೆ ತಮ್ಮ ತಮ್ಮ ಪುಸ್ತಕ ಓದಿ ಎದ್ದುಹೋಗುತ್ತಾರೆ. ಒಳ್ಳೆಯದೇ. ಫೋನು ಚೀಲದಲ್ಲಿ ಇರುತ್ತದಲ್ಲ, ಅಷ್ಟೇ ಲಾಭ. ಆದರೆ ನಮ್ಮ ಕಡೆಯವರಿಗೆ ಬಾಯಿಮುಚ್ಚಿ ಓದುವುದು ಒಗ್ಗುವುದಿಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳದವರು ಮನೆಗೆ ಬಂದ ಮೇಲೆ, ಹೊರಗೆ ಆಟಿಯ ಮಳೆ ಹೊಯ್ಯುತ್ತಿರುವಾಗ, ದೇವಸ್ಥಾನದ ಚಾವಡಿಯಲ್ಲೋ ಮನೆಯ ಜಗಲಿಯಲ್ಲೋ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಮಾತು ಕಟ್ಟುತ್ತಾನೆ. ವಾಲಿವಧೆಯ ಕತೆ ಗೊತ್ತಿಲ್ಲದವರು ಕೂತವರಲ್ಲಿ ಒಬ್ಬರೂ ಇರುವುದಿಲ್ಲ. ಹಾಗಿದ್ದೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳುವಾಗ ಎಲ್ಲರೂ ಮುಂದಕ್ಕೆ ಬಾಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ರಾಮನ ಪರವಾಗಿ ಮಾತಾಡುವ ಮೊದಲು ಇವತ್ತಿಗೂ ಎರಡು ಸಲ ಯೋಚಿಸುತ್ತಾರೆ. ಒಂದು ಪಠ್ಯವನ್ನು ಇದಕ್ಕಿಂತ ಚೆನ್ನಾಗಿ ಒರೆಗೆ ಹಚ್ಚುವ ಓದಿನ ಕೂಟ ಎಲ್ಲಿದೆ ಹೇಳಿ.

ಧರ್ಮಸ್ಥಳದಲ್ಲಿ ಮಳೆಗಾಲದ ಎರಡು ತಿಂಗಳು ಸಂಜೆ ಪುರಾಣ ಕಾವ್ಯಗಳ ವಾಚನ, ಪ್ರವಚನ ನಡೆಯುತ್ತದೆ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಬಿಡಿಸಿ ಹೇಳುವುದು. ಲಕ್ಷದೀಪೋತ್ಸವದ ಸಾಹಿತ್ಯ ಸಮ್ಮೇಳನವೂ 1933ರಿಂದ ಬಂದದ್ದು. ಅದರ ಗೌಜಿ ಪತ್ರಿಕೆಗಳಲ್ಲಿ ಬರುತ್ತದೆ. ಪುರಾಣವಾಚನಕ್ಕೆ ಅಷ್ಟು ಸುದ್ದಿಯಿಲ್ಲ. ನನ್ನನ್ನು ಕೇಳಿದರೆ ಅದೇ ಮೇಲು. ಮೂಡುಬಿದಿರೆಯಿಂದ ಅನತಿ ದೂರದ ಕಾಂತಾವರದಲ್ಲಿ ಡಾ. ನಾ. ಮೊಗಸಾಲೆಯವರು 1976ರಲ್ಲಿ ಕಟ್ಟಿದ ಕನ್ನಡ ಸಂಘ ಹಳ್ಳಿಯಲ್ಲಿದ್ದುಕೊಂಡೇ ‘ನಾಡಿಗೆ ನಮಸ್ಕಾರ’ ಮಾಲೆಯ ಪುಟ್ಟ ಪುಸ್ತಕಗಳನ್ನು ಹೊರತರುತ್ತಾ ಬಂದಿದೆ. ಊರು ಚಿಕ್ಕದು ಎನ್ನುವವರು ಅಲ್ಲಿಗೆ ಹೋಗಿಬರಬೇಕು.

ಕೂಡಿ ಓದುವುದು ಪಂಡಿತರ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಬೀಡಿಯ ಮಾತು ತೆಗೆಯುತ್ತೇನೆ. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ, ಕೆಲಸಗಾರರು ತಾವೇ ಕಾಸು ಕೂಡಿಸಿ ಓದುಗನನ್ನು ನೇಮಿಸಿಕೊಳ್ಳುವ ಪದ್ಧತಿ ಇತ್ತು. ಅವನು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದುತ್ತಿದ್ದ, ಇವರು ಹೊಗೆಸೊಪ್ಪು ಸುತ್ತುತ್ತಿದ್ದರು. ಅಷ್ಟು ದೂರ ಯಾಕೆ, ಕಣ್ಣೂರಿನ ಬೀಡಿ ಕೆಲಸಗಾರರು ಒಬ್ಬನಿಂದ ಪತ್ರಿಕೆ ಓದಿಸಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ನಮ್ಮ ಬಂಟ್ವಾಳ, ಬೆಳ್ತಂಗಡಿಯಲ್ಲಿ ಬೀಡಿ ಮನೆಯಲ್ಲೇ ಕಟ್ಟುವ ಕೆಲಸ, ಕಟ್ಟುವವರು ಹೆಚ್ಚಾಗಿ ಹೆಂಗಸರು. ಎಲೆ, ಹೊಗೆಸೊಪ್ಪು ತರಲು, ಕಟ್ಟಿದ್ದನ್ನು ಲೆಕ್ಕ ಕೊಡಲು ಬ್ರಾಂಚಿಗೆ ಹೋಗಬೇಕು. ಆ ಸಾಲಿನಲ್ಲಿ ವಾರಪತ್ರಿಕೆ ಕೈಯಿಂದ ಕೈಗೆ ದಾಟುವುದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಉಜಿರೆಯಲ್ಲಿ ನೆಲೆಸಿದ್ದ ಕೆ.ಟಿ. ಗಟ್ಟಿಯವರ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದ ಕಾಲ. ಕಂತು ತಪ್ಪಿದವರಿಗೆ ಕತೆ ಒಪ್ಪಿಸುವ ಅಕ್ಕಂದಿರೂ ಸಾಲಿನಲ್ಲೇ ಇದ್ದರು, ಅದೂ ತುಳುವಿನಲ್ಲಿ. 2024ರಲ್ಲಿ ಗಟ್ಟಿಯವರು ತೀರಿಕೊಂಡಾಗ ಬಂದ ಲೇಖನಗಳಲ್ಲಿ ಈ ಓದುಗರ ಸುದ್ದಿಯನ್ನು ನಾನು ಹುಡುಕಿದೆ, ಸಿಗಲಿಲ್ಲ.

ಸರಕಾರದ ಕಡೆಗೆ ಬರೋಣ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯದ ಕರ. ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಎಂದು ಮಕ್ಕಳನ್ನು ಪುಕ್ಕಟೆ ಸದಸ್ಯರಾಗಿ ಮಾಡಿಕೊಳ್ಳಲು ಹೊರಟರು. ಶಾಲೆಗಳು ಮುಚ್ಚಿದ್ದ ಆ ವರ್ಷ ಅದು ನಿಜವಾಗಿ ಉಪಕಾರಕ್ಕೆ ಬಂದ ಯೋಜನೆ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಬಣ್ಣ ಬಳಿದಿದ್ದಾರೆ, ಕಂಪ್ಯೂಟರ್ ಇಟ್ಟಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮುಂದಿನ ಸಾಲಿಗೆ ಬಂದಿವೆ. ಕೆಲಸ ಹುಡುಕುವ ಮಕ್ಕಳಿಗೆ ಅದು ಬೇಕು, ತಕರಾರಿಲ್ಲ. ಆದರೆ ಒಂದು ಕಡೆ, ಎಲ್ಲಿ ಎಂದು ಹೇಳುವುದಿಲ್ಲ, ಕತೆ ಕಾದಂಬರಿಯ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಪಂಚಾಯತ್ ಕಚೇರಿಯಲ್ಲಿ ಇಟ್ಟದ್ದನ್ನು ನೋಡಿ ಬಂದೆ. ಕಾರಣ ಕೇಳಿದರೆ, ‘ಪುಸ್ತಕ ಹಾಳಾಗ್ತದೆ ಸರ್’ ಎಂದರು. ಗಾಜಿನ ಒಳಗೆ ಬೂಷ್ಟು ಆಗಲೇ ಹಿಡಿದಿತ್ತು.

ಪುಸ್ತಕಗಳನ್ನು ಸಗಟಾಗಿ ಖರೀದಿಸಿ ಹಂಚುವ ಸರಕಾರಿ ಪದ್ಧತಿಯ ಮೇಲೆ ಮಂಗಳೂರಿನ ಅತ್ರಿ ಬುಕ್ ಸೆಂಟರಿನ ಜಿ.ಎನ್. ಅಶೋಕವರ್ಧನರು ಎಷ್ಟೋ ವರ್ಷ ಜಗಳವಾಡಿದರು. ಪ್ರಕಾಶಕರು ಗ್ರಂಥಾಲಯವನ್ನು ನೆಚ್ಚಿ ಕೂತರೆ ಓದುಗನನ್ನು ಮರೆಯುತ್ತಾರೆ ಎಂಬುದು ಅವರ ವಾದದ ತಿರುಳು. 1975ರಲ್ಲಿ ತೆರೆದ ಅಂಗಡಿಯನ್ನು 2012ರಲ್ಲಿ ಮುಚ್ಚಿದರು. ಘಟ್ಟದ ಬುಡದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಕಪಾಟಿನಿಂದ ನಾವೇ ತೆಗೆದು, ನಿಂತಲ್ಲೇ ನಾಲ್ಕು ಪುಟ ಓದಿ ಕೊಂಡುತಂದ ಪುಸ್ತಕಗಳು ನನ್ನಲ್ಲಿ ಈಗಲೂ ಇವೆ. ಸಗಟು ಖರೀದಿಯ ಕುರಿತು ಅವರು ಹೇಳಿದ್ದು ಸರಿ ಎಂದೇ ನನಗೂ ಅನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ: ಕೊಳ್ಳಲು ಕಾಸಿಲ್ಲದ ಓದುಗ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾನೆ. ಅವನಿಗೆ ಪಂಚಾಯತಿನ ಆ ಕೋಣೆ ಬಿಟ್ಟರೆ ಬೇರೆ ಗತಿಯಿಲ್ಲ.

ಹಾಗಾಗಿ ಈ ಆಟಿ ತಿಂಗಳಲ್ಲಿ ನಿಮ್ಮ ಪಂಚಾಯತಿನ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ. ಕಪಾಟಿಗೆ ಬೀಗ ಇದ್ದರೆ ಕೀಲಿಕೈ ಕೇಳಿ. ಮೇಲ್ವಿಚಾರಕರ ಮೇಲೆ ರೇಗಬೇಡಿ, ಕಳೆದ ಪುಸ್ತಕಕ್ಕೆ ಉತ್ತರ ಕೊಡಬೇಕಾದವರು ಅವರು. ಕಳೆದರೆ ನಾವು ತಂದುಕೊಡುತ್ತೇವೆ ಎಂದು ನಾಲ್ಕು ಜನ ಬರೆದುಕೊಡಿ. ಮತ್ತೆ ವಾರಕ್ಕೊಂದು ಸಂಜೆ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಬೇಕಾದರೆ ಜಗಳವಾಡಿ. ಯಾವುದರಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ ‘ಕರ್ವಾಲೊ’ ಆದೀತು. ಕೇಂದ್ರದಲ್ಲಿ ಪ್ರತಿ ಇಲ್ಲವಾದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ಕಳಿಸಿಕೊಡುತ್ತೇನೆ. ಹಿಂದೆ ಕೊಡುವುದು ಬೇಡ.