ಖಾಲಿ ಉಳಿದ ಇಪ್ಪತ್ತನೆಯ ಸಾಲು

ಅಂತರರಾಷ್ಟ್ರೀಯ ಒಪ್ಪಂದಗಳನ್ನು ಪುಸ್ತಕದಂತೆ ಕುಳಿತು ಓದುವವರು ವಿರಳ. ಆದರೂ 1996ರ ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದವನ್ನು, ಮುಖ್ಯವಾಗಿ ಅದರ ಅನುಬಂಧಗಳನ್ನು, ಚಿನ್ನದ ಗಣಿ ಸೀಮೆಯ ನಾವು ಒಮ್ಮೆ ಓದಬೇಕು. ಕದ್ದುಮುಚ್ಚಿ ನಡೆಸುವ ಅಣುಸ್ಫೋಟಗಳನ್ನು ಪತ್ತೆಹಚ್ಚುವ 50 ಪ್ರಧಾನ ಭೂಕಂಪಮಾಪನ ಕೇಂದ್ರಗಳ ಪಟ್ಟಿ ಅಲ್ಲಿದೆ. ದೇಶಗಳ ಹೆಸರುಗಳು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿವೆ. 19ನೆಯದು ಜರ್ಮನಿ, 21ನೆಯದು ಇರಾನ್. ನಡುವಿನ ಸಾಲಿನಲ್ಲಿ ದೇಶದ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಮುಂದೆ ನಿರ್ಧರಿಸಬೇಕು ಎಂದಷ್ಟೇ ಇದೆ. ಅಕ್ಷರಕ್ರಮದಲ್ಲಿ ಅದು ಭಾರತದ ಜಾಗ. ಅಲ್ಲಿ ಇರಬೇಕಾಗಿದ್ದ ಊರು ಗೌರಿಬಿದನೂರು.

2007ರವರೆಗೆ ಗೌರಿಬಿದನೂರು ನಮ್ಮ ಕೋಲಾರ ಜಿಲ್ಲೆಯದೇ ತಾಲ್ಲೂಕು. ಟ್ರಾಂಬೆಯ ಅಣುಶಕ್ತಿ ಸಂಸ್ಥೆ (ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ) ಮತ್ತು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಸೇರಿ 1965ರಲ್ಲಿ ಅಲ್ಲಿ 20 ಕಂಪನಮಾಪಕಗಳನ್ನು ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಹೊಲಗದ್ದೆಗಳ ನಡುವೆ ನೆಟ್ಟವು. ಒಂದೇ ಅಲೆ ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುವುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಇದೇ ಮಾದರಿಯಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗಾ ಕೇಂದ್ರಗಳೂ ಎದ್ದವು. ಆ ಮೂರೂ ಇಂದು ಒಪ್ಪಂದದ ಜಾಲದಲ್ಲಿವೆ. ನಮ್ಮದಿಲ್ಲ.

ನೆಲದ ಅದುರುವಿಕೆಯನ್ನು ಆಲಿಸುವ ಈ ವಿದ್ಯೆ ಗಣಿಯ ಹಿರಿಯರಿಗೆ ಹೊಸದಲ್ಲ. ಬಂಗಾರಪೇಟೆ–ಮಾರಿಕುಪ್ಪಂ ರೈಲಿನಲ್ಲಿ ಪಾಳಿಗೆ ಹೋಗುತ್ತಿದ್ದವರಿಗೂ ಅವರ ಮನೆಯವರಿಗೂ 'ರಾಕ್ ಬರ್ಸ್ಟ್' ಎಂಬ ಮಾತು ಎದೆ ನಡುಗಿಸುವಂಥದು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿದರೆ ಮೇಲಿನ ಲೈನ್ ಮನೆಗಳೂ ನಡುಗುತ್ತಿದ್ದವು. ಪಾಳಿ ಮುಗಿದಾಗ ಹಾರಿಸುವ ಮದ್ದಿನ ಸದ್ದೇ ಬೇರೆ, ಬಂಡೆ ಸಿಡಿದ ಸದ್ದೇ ಬೇರೆ. ಕಂಪನಮಾಪಕವೂ ಗುರುತಿಸುವುದು ಇಂಥದೇ ವ್ಯತ್ಯಾಸವನ್ನು. ಸ್ಫೋಟವು ಸುತ್ತಲ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಜಾರುವ ಬಂಡೆ ಒಂದೆಡೆ ತಳ್ಳಿ ಇನ್ನೊಂದೆಡೆ ಸೆಳೆಯುತ್ತದೆ. ನಮ್ಮ ಗಣಿಗಳಲ್ಲಿ ಬಂಡೆ ಸಿಡಿತವನ್ನು ಅಳೆಯಲು ಕಂಪನಮಾಪಕಗಳ ಜಾಲವನ್ನು ಹೂಡಿದ್ದು ಇದೇ ಭಾಭಾ ಕೇಂದ್ರ.

ಒಪ್ಪಂದದ ನಿಜವಾದ ಬಲವಿರುವುದು ಈ ಆಲಿಸುವ ಜಾಲದಲ್ಲಿ. 2006ರಲ್ಲಿ ಉತ್ತರ ಕೊರಿಯ ನಡೆಸಿದ ಮೊದಲ ಪರೀಕ್ಷೆ ತೀರ ಚಿಕ್ಕದಾಗಿದ್ದರೂ ಜಾಲಕ್ಕೆ ಕೇಳಿಸಿತು. ದೋಷವಿರುವುದು 14ನೆಯ ವಿಧಿಯಲ್ಲಿ. ಹೆಸರಿಸಲಾದ 44 ದೇಶಗಳೂ ಅನುಮೋದಿಸುವವರೆಗೆ ಒಪ್ಪಂದ ಜಾರಿಗೆ ಬರುವಂತಿಲ್ಲ. ಒಬ್ಬರು ಹಟ ಹಿಡಿದರೂ ಎಲ್ಲರ ಕೈ ಕಟ್ಟಿದಂತೆ. ಭಾರತ, ಪಾಕಿಸ್ತಾನ, ಉತ್ತರ ಕೊರಿಯ ಸಹಿ ಹಾಕಲಿಲ್ಲ. ಅಮೆರಿಕ, ಚೀನಾ ಸಹಿ ಹಾಕಿ ಅಲ್ಲಿಗೇ ನಿಂತವು. ರಷ್ಯಾ 2023ರಲ್ಲಿ ತನ್ನ ಅನುಮೋದನೆಯನ್ನು ಹಿಂತೆಗೆದುಕೊಂಡಿತು.

1996ರ ಜೂನ್ 20ರಂದು ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಸಹಿ ನಿರಾಕರಿಸಿದಾಗ ಹೇಳಿದ ಕಾರಣಗಳು ಪೊಳ್ಳಲ್ಲ. ಸಾವಿರಕ್ಕೂ ಹೆಚ್ಚು ಪರೀಕ್ಷೆ ಮುಗಿಸಿದ ಅಮೆರಿಕಕ್ಕೆ ಇನ್ನು ಪ್ರಯೋಗಾಲಯವೇ ಸಾಕು. ಇರುವ ಬಾಂಬುಗಳನ್ನು ಇಂಥ ದಿನದೊಳಗೆ ಅಳಿಸುತ್ತೇವೆಂಬ ಮಾತು ಒಪ್ಪಂದದಲ್ಲಿಲ್ಲ. ಸಹಿ ಹಾಕದಿದ್ದುದನ್ನು ನಾನು ಸಮರ್ಥಿಸಬಲ್ಲೆ. ಅದರ ಜೊತೆಗೇ ಕೇಂದ್ರವನ್ನೂ ಜಾಲದಿಂದ ಹೊರಗಿಟ್ಟದ್ದನ್ನು ಸಮರ್ಥಿಸಲಾರೆ. ಸಹಿ ರಾಜಕೀಯದ ಮಾತು. ನೆಲ ನಡುಗಿದ್ದನ್ನು ನಡುಗಿತೆಂದು ಹೇಳುವುದು ಸಾಕ್ಷ್ಯದ ಮಾತು.

ಇದರ ನಷ್ಟವನ್ನು ಮೊದಲು ಕಂಡವರೂ ನಾವೇ. 1998ರ ಮೇ 11ರ ಪೋಖರಣ್ ಪರೀಕ್ಷೆಗಳ ಬಲ ಸುಮಾರು 60 ಕಿಲೋಟನ್ ಎಂದು ಭಾಭಾ ಕೇಂದ್ರ ಹೇಳಿತು. ಹೊರಗಿನ ತಜ್ಞರು ಅದಕ್ಕಿಂತ ಬಹಳ ಕಡಿಮೆ ಎಂದರು. 2009ರಲ್ಲಿ, ಆ ಪರೀಕ್ಷೆಗಳಲ್ಲಿ ಪಾಲ್ಗೊಂಡಿದ್ದ ವಿಜ್ಞಾನಿ ಕೆ. ಸಂತಾನಂ ಅವರೇ ಜಲಜನಕ ಬಾಂಬು ನಿರೀಕ್ಷೆ ಮುಟ್ಟಲಿಲ್ಲವೆಂದರು. ಯಾರ ಮಾತು ಸರಿ? ಸ್ಫೋಟಿಸಿದವರೇ ಅಳತೆಗಾರರೂ ಆದಾಗ ಸಾಮಾನ್ಯ ಪ್ರಜೆಗೆ ತೀರ್ಮಾನಿಸುವ ದಾರಿಯಿಲ್ಲ. (ಈ ಗುಟ್ಟಿನ ಅಭ್ಯಾಸ ನಮ್ಮೂರನ್ನೂ ತಟ್ಟಿದೆ. 2012ರ ನವೆಂಬರಿನಲ್ಲಿ ಅಣುತ್ಯಾಜ್ಯ ಕೆ.ಜಿ.ಎಫ್. ಗಣಿಗಳಿಗೆ ಬರುವುದೆಂಬ ಸುದ್ದಿ ನ್ಯಾಯಾಲಯದ ಮೂಲಕ ತಿಳಿದು ಜನ ಬೀದಿಗಿಳಿದ ಮೇಲೆಯೇ ಸರ್ಕಾರ ಅಂಥ ಯೋಜನೆ ಇಲ್ಲವೆಂದದ್ದು.)

ನಮ್ಮ ಪ್ರವಚನಗಳಲ್ಲಿ ಬಾಂಬಿನ ಖಂಡನೆ ಧಾರಾಳವಾಗಿದೆ, ಪರಿಶೀಲನೆಯ ಮಾತು ಅಪರೂಪ. ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1963ರ ಏಪ್ರಿಲಿನ ತಮ್ಮ ಶಾಂತಿಯ ಪರಿಪತ್ರದಲ್ಲಿ ಅಣ್ವಸ್ತ್ರ ನಿಷೇಧದ ಪಕ್ಕದಲ್ಲೇ ಪರಸ್ಪರ ನಿಯಂತ್ರಣದ ವ್ಯವಸ್ಥೆಯನ್ನೂ ಕೇಳಿದ್ದರು. ಆ ಎರಡನೆಯ ಭಾಗವನ್ನು ನಾವು ಮರೆತೇಬಿಟ್ಟಿದ್ದೇವೆ. ಪವಿತ್ರ ಪೀಠ 1996ರ ಈ ಒಪ್ಪಂದಕ್ಕೆ ಮೊದಲ ದಿನವೇ ಸಹಿ ಹಾಕಿ 2001ರಲ್ಲಿ ಅನುಮೋದಿಸಿತು.

ಸಹಿಗೆ ಕಾಯದೆ ಗೌರಿಬಿದನೂರಿನ ದಾಖಲೆಗಳನ್ನು ಆಗಿಂದಾಗಲೇ ಜಗತ್ತಿಗೆ ತೆರೆದಿಡುವುದಕ್ಕೆ ಭಾರತಕ್ಕೆ ಅಡ್ಡಿಯೇನು? ಕೇಂದ್ರ ಹುಟ್ಟಿದ ಅದೇ 1965ರಲ್ಲಿ ನಮ್ಮ ಗಣಿಯಾಳದಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಕಂಡರು. ಕಂಡದ್ದನ್ನು ಮೂವರೂ ಸೇರಿಯೇ ಲೋಕಕ್ಕೆ ಪ್ರಕಟಿಸಿದರು. 2025ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರು ಮತ್ತೆ ಪರೀಕ್ಷೆಯ ಮಾತೆತ್ತಿದ್ದಾರೆ. ಹೀಗಿರುವಾಗ 20ನೆಯ ಸಾಲು ಇನ್ನೂ ಖಾಲಿ ಇರುವುದು ಸಣ್ಣ ಸಂಗತಿಯಲ್ಲ.