ಕೈಗಡಿಯಾರದ ಕುಲ

ನಮ್ಮಣ್ಣನ ಮಗಳಿಗೆ ಗಂಡು ಗೊತ್ತಾದಾಗ ಬೀಗರು ಬಹಳ ಒಳ್ಳೆಯ ಮಾತಾಡಿದರು. "ನಮಗೇನೂ ಬೇಡ, ದೇವರು ಕೊಟ್ಟದ್ದು ಇದೆ. ವರೋಪಚಾರಕ್ಕೆ ಹುಡುಗನ ಕೈಗೊಂದು ಒಳ್ಳೇ ವಾಚು ಕಟ್ಟಿಬಿಡಿ, ಸಾಕು" ಎಂದರು. ಅಣ್ಣ ಹಿಗ್ಗಿನಿಂದ ಮನೆಗೆ ಬಂದ. ಎರಡು ದಿನ ಬಿಟ್ಟು ಹುಡುಗನ ಚಿಕ್ಕಪ್ಪ ಫೋನು ಮಾಡಿದರು. "ಸ್ವಿಸ್ ಆದರೆ ಚೆನ್ನಾಗಿರುತ್ತೆ ನೋಡಿ" ಎಂದರಂತೆ. ಅಣ್ಣ ರಾತ್ರಿ ಹತ್ತು ಗಂಟೆಗೆ ನನ್ನ ಮನೆ ಬಾಗಿಲು ತಟ್ಟಿದ. "ಪುಟ್ಟೀ, ಸ್ವಿಸ್ ಅಂದ್ರೆ ಎಷ್ಟಾಗುತ್ತೆ?"

ನಾನು ಸಮಾಜ ವಿಜ್ಞಾನದ ಮೇಡಂ. ಸ್ವಿಟ್ಜರ್‌ಲೆಂಡಿನ ರಾಜಧಾನಿ ಕೇಳಿದ್ದರೆ ಹೇಳುತ್ತಿದ್ದೆ. ವಾಚಿನ ವಿಷಯದಲ್ಲಿ ನನಗೆ ಗೊತ್ತಿದ್ದುದು ಒಂದೇ, ಅಪ್ಪ ಕೊಡಿಸಿದ ಎಚ್.ಎಂ.ಟಿ. 1986ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾದಾಗ ಬಂದದ್ದು. ಈಗಲೂ ಬೆಳಿಗ್ಗೆ ಕಾಫಿಗೆ ನೀರಿಟ್ಟು ಅದಕ್ಕೆ ಕೀ ಕೊಡುತ್ತೇನೆ. ನಮ್ಮ ಕಾಲದಲ್ಲಿ ವಾಚಿಗೆ ಎರಡೇ ಜಾತಿ, ಇರುವುದು ಮತ್ತು ಇಲ್ಲದಿರುವುದು. ಡಿ.ಸಿ. ಸಾಹೇಬರ ಕೈಯಲ್ಲೂ ಎಚ್.ಎಂ.ಟಿ.ಯೇ, ನಮ್ಮ ಹೆಡ್‌ಮಾಸ್ಟರ ಕೈಯಲ್ಲೂ ಅದೇ. ಹಾಗಿದ್ದ ವಸ್ತುವಿಗೆ ಇಷ್ಟೊಂದು ಮೆಟ್ಟಿಲು ಯಾವಾಗ ಬಂತು ಎಂದು ತಿಳಿಯಲು ನಾನು ಅಣ್ಣನ ಜೊತೆ ಬೆಂಗಳೂರಿನ ಅಂಗಡಿ ಅಂಗಡಿ ಸುತ್ತಬೇಕಾಯಿತು.

ಮೊದಲ ಅಂಗಡಿಯ ಹುಡುಗ ವಾಚು ತೋರಿಸುವ ಮೊದಲು ಅಣ್ಣನ ಚಪ್ಪಲಿ ನೋಡಿದ, ಆಮೇಲೆ ನನ್ನ ಎಚ್.ಎಂ.ಟಿ. ನೋಡಿದ. "ಸರ್, ಬಜೆಟ್ ಎಷ್ಟು?" ಎಂದ. ಬಟ್ಟೆ ಅಂಗಡಿಯಲ್ಲಾದರೆ ಮೊದಲು ಸೀರೆ ಹರವುತ್ತಾರೆ, ಬೆಲೆ ಆಮೇಲೆ. ಇಲ್ಲಿ ನಮ್ಮನ್ನು ಮೊದಲು ಯಾವ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಬೇಕೆಂದು ತೀರ್ಮಾನವಾಗಬೇಕು.

ಕೆಳಗಿನ ಪೆಟ್ಟಿಗೆಯಲ್ಲಿ ಸೊನಾಟಾ, ಕ್ಯಾಸಿಯೊ. ಸಾವಿರ, ಎರಡು ಸಾವಿರದೊಳಗೂ ಸಿಗುತ್ತವೆ. ಅದರ ಮೇಲೆ ಟೈಟಾನ್. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮವೂ ಸೇರಿ ಕಟ್ಟಿದ ಕಂಪನಿ. ಕಾರ್ಖಾನೆ ಹೊಸೂರಿನಲ್ಲಿ, ನಮ್ಮ ಗಡಿ ದಾಟಿದರೆ ಸಾಕು. ಸೊನಾಟಾ ಕೂಡ ಅದೇ ಮನೆಯ ಕೂಸು. ಅಲ್ಲಿಂದ ಮುಂದಿನದು ಇನ್ನೊಂದು ಕೋಣೆ, ಏರ್ ಕಂಡೀಷನ್ ಹಾಕಿದ್ದು. ಟಿಸೊ, ಲಾಂಜೀನ್, ರಾಡೊ. ಹತ್ತಾರು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತದೆ. ಆಮೇಲೆ ಒಮೆಗಾ, ರೋಲೆಕ್ಸ್, ಅಲ್ಲಿ ಲಕ್ಷಗಳದೇ ಲೆಕ್ಕ. ಪಟೆಕ್ ಫಿಲಿಪ್ ಎಂಬುದು ಆ ಅಂಗಡಿಯಲ್ಲಿ ಇರಲಿಲ್ಲ. ಹುಡುಗ ಆ ಹೆಸರನ್ನು ನಾವು ತಿರುಪತಿ ಎನ್ನುವ ಹಾಗೆ ಹೇಳಿದ.

ಇಷ್ಟು ದುಡ್ಡು ಕೊಟ್ಟರೆ ಸಿಗುವುದೇನು? ಹೆಚ್ಚು ಸರಿಯಾದ ಸಮಯ ಎಂದು ನಾನೂ ನಂಬಿದ್ದೆ. ನಮ್ಮ ಶಾಲೆಯ ಗಣಿತದ ಮೇಡಂ ಆ ನಂಬಿಕೆ ಬಿಡಿಸಿದರು. ಸೆಲ್ ಹಾಕುವ ಕ್ವಾರ್ಟ್ಸ್ ವಾಚಿನೊಳಗೆ ಪುಟ್ಟ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದಂತೆ, ನೀವೂ ಮಾಡಿ ನೋಡಿ. ಆ ಒಂದು ಬಡಿತವೇ ಸೆಕೆಂಡ್ ಮುಳ್ಳಿನ ಒಂದು ಹೆಜ್ಜೆ. ಇಂಥ ವಾಚು ತಿಂಗಳಿಗೆ ಸುಮಾರು 15 ಸೆಕೆಂಡು ಆಚೀಚೆ ಆದೀತು. ಸ್ಪ್ರಿಂಗಿನಿಂದ ನಡೆಯುವ ಸ್ವಿಸ್ ವಾಚಿಗೆ ಅಲ್ಲಿನ ಪರೀಕ್ಷಾ ಸಂಸ್ಥೆ 'ಕ್ರೋನೋಮೀಟರ್' ಎಂಬ ಪ್ರಮಾಣಪತ್ರ ಕೊಡಬೇಕಾದರೆ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಅಷ್ಟರೊಳಗಿದ್ದರೆ ಸಾಕು. ಅಂದರೆ ನಮ್ಮ ಶಾಲೆಯ ಆಯಾ ಕಟ್ಟುವ ಸೆಲ್ಲಿನ ವಾಚು ಕೋಟ್ಯಧಿಪತಿಯ ವಾಚಿಗಿಂತ ಸರಿಯಾಗಿ ಗಂಟೆ ಹೇಳುತ್ತದೆ!

ಜಪಾನಿನ ಸೀಕೊ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಮಾರಿದ ಮೇಲೆ ಸ್ವಿಸ್ ಕಂಪನಿಗಳು ಒಂದೊಂದಾಗಿ ಮುಳುಗತೊಡಗಿದ್ದೂ ಇದೇ ಕಾರಣಕ್ಕೆ. ಉಳಿದವರು ಒಂದು ಜಾಣತನ ಮಾಡಿದರು. 1983ರಲ್ಲಿ ಎರಡು ದೊಡ್ಡ ಗುಂಪುಗಳು ಒಂದಾದವು. ಅದೇ ವರ್ಷ 51 ಬಿಡಿಭಾಗಗಳ ಅಗ್ಗದ ಪ್ಲಾಸ್ಟಿಕ್ ವಾಚು ಸ್ವಾಚ್ ಪೇಟೆಗೆ ಬಂತು. ಅತ್ತ ಅಗ್ಗದ್ದು ಹೊಟ್ಟೆ ಹೊರೆಯಿತು, ಇತ್ತ ಕೀ ಕೊಡುವ ಹಳೆಯ ವಾಚನ್ನು ಸಮಯ ನೋಡುವ ವಸ್ತುವಲ್ಲ, ಪರಂಪರೆ ಎಂದು ಮಾರತೊಡಗಿದರು. ಇನ್ನೊಂದು ಮಾತು ಕೇಳಿ. ಸ್ವಾಚ್, ಟಿಸೊ, ಲಾಂಜೀನ್, ರಾಡೊ, ಒಮೆಗಾ, ಬ್ರೆಗೆ, ಇವೆಲ್ಲ ಇಂದು ಸ್ವಾಚ್ ಗ್ರೂಪ್ ಎಂಬ ಒಂದೇ ಯಜಮಾನನವು. ನೀವು ಯಾವ ಮೆಟ್ಟಿಲಲ್ಲಿ ನಿಂತರೂ ಮೆಟ್ಟಿಲು ಕಟ್ಟಿದವನು ಅವನೇ. 'ಸ್ವಿಸ್' ಎಂಬ ಮಾತಿಗೂ ಲೆಕ್ಕ ಇದೆ. 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ತಯಾರಿಕೆಯ ವೆಚ್ಚದಲ್ಲಿ ಕನಿಷ್ಠ ಶೇಕಡಾ 60 ಅಲ್ಲಿ ಆಗಿರಬೇಕು. ಹುಡುಗನ ಚಿಕ್ಕಪ್ಪನವರಿಗೆ ಈ ಶೇಕಡಾವಾರು ಹೇಳಬೇಕೆಂದು ನನಗೆ ಬಹಳ ಆಸೆಯಿತ್ತು. ಹೆಣ್ಣಿನ ಕಡೆಯವರು, ಸುಮ್ಮನಿದ್ದೆ.

ದುಬಾರಿ ವಾಚಿನಲ್ಲಿ ಏನೂ ಇಲ್ಲ ಎಂದರೆ ಅನ್ಯಾಯವಾದೀತು. ಕೂದಲೆಳೆಯಂಥ ಸ್ಪ್ರಿಂಗು, ಕಣ್ಣಿಗೆ ಕಾಣದ ಒಳಭಾಗಕ್ಕೂ ಕೈಯಿಂದ ಕೊಟ್ಟ ಹೊಳಪು, ಗೀರು ಬೀಳದ ಸಫೈರ್ ಗಾಜು, ಐವತ್ತು ವರ್ಷ ಕಳೆದರೂ ರಿಪೇರಿ ಮಾಡಿಕೊಡುವ ಕಂಪನಿ, ಇವಕ್ಕೆ ಬೆಲೆ ಇದೆ. ಕೆಲವು ಮೇಲ್ದರ್ಜೆಯ ವಾಚುಗಳಿಗೆ ಯಾವ ತಿಂಗಳಿಗೆ 30, ಯಾವುದಕ್ಕೆ 31, ಯಾವ ಫೆಬ್ರವರಿಗೆ 29 ಎಂದು ಹಲ್ಲುಚಕ್ರಗಳೇ ಲೆಕ್ಕ ಇಡುತ್ತವೆ. 2100ನೆಯ ಇಸವಿ ಅಧಿಕ ವರ್ಷವಲ್ಲವಾದ್ದರಿಂದ ಆ ಮಾರ್ಚ್ ಒಂದರಂದು ಮಾತ್ರ ಕೈಯಿಂದ ತಿದ್ದಬೇಕಂತೆ. ಇದನ್ನು ಕೇಳಿ ನನಗೆ ನಿಜವಾಗಿ ಕೈ ಮುಗಿಯಬೇಕೆನ್ನಿಸಿತು. ಆದರೆ ಹುಡುಗನ ಚಿಕ್ಕಪ್ಪ ಕೇಳಿದ್ದು ಹಲ್ಲುಚಕ್ರವನ್ನಲ್ಲ.

ಜಾಹೀರಾತುಗಳ ಮೇಲೆ ನನ್ನ ತಕರಾರು ಬೇರೆಯೇ ಇದೆ. ಪಟೆಕ್ ಫಿಲಿಪ್‌ನವರದು 1996ರಿಂದ ನಡೆದು ಬಂದ ಹೆಸರುವಾಸಿ ಜಾಹೀರಾತು. ಈ ವಾಚಿಗೆ ನೀವು ಒಡೆಯರಲ್ಲ, ಮುಂದಿನ ತಲೆಮಾರಿಗಾಗಿ ಕಾಯುವವರು ಎಂದು ಅದರ ಭಾವ. ಅದು ಶುರುವಾದದ್ದೇ ಅಪ್ಪ ಮತ್ತು ಮಗನ ಚಿತ್ರದಿಂದ. ಜಮೀನಿನ ಪಹಣಿ ಇಳಿದುಬಂದ ಹಾಗೆ! ಆದರೆ ಚರಿತ್ರೆ ತೆಗೆದು ನೋಡಿ. ಬ್ರೆಗೆ ಎಂಬ ಕುಶಲಕರ್ಮಿ 1810ರ ಸುಮಾರಿಗೆ ಮಣಿಕಟ್ಟಿಗೆ ಕಟ್ಟುವ ಗಡಿಯಾರಕ್ಕೆ ಆರ್ಡರ್ ತೆಗೆದುಕೊಂಡದ್ದು ನೇಪಲ್ಸಿನ ರಾಣಿಯಿಂದ. ಪಟೆಕ್‌ನವರೇ 1868ರಲ್ಲಿ ಕೈಗಡಿಯಾರ ಮಾಡಿದ್ದು ಹಂಗೆರಿಯ ಒಬ್ಬ ಜಮೀನ್ದಾರಿಣಿಗಾಗಿ. ಗಂಡಸರು ಜೇಬಿನಲ್ಲಿ ಸರಪಳಿ ಗಡಿಯಾರ ಇಟ್ಟುಕೊಂಡು, ಕೈಗೆ ಕಟ್ಟುವುದು ಹೆಂಗಸರ ಬಳೆ ಎಂದು ನಗುತ್ತಿದ್ದರು. ಮೊದಲ ಮಹಾಯುದ್ಧದ ಕಂದಕದಲ್ಲಿ ಜೇಬು ತಡಕುವುದು ಕಷ್ಟವಾದ ಮೇಲೆ ಆ ಬಳೆ ಗಂಡಸಿನದಾಯಿತು.

ರೋಲೆಕ್ಸ್ ಕಥೆಯೂ ಕೇಳಬೇಕು. ನೀರು ಹೋಗದ 'ಆಯ್ಸ್ಟರ್' ವಾಚು ಮಾಡಿದ ಮರುವರ್ಷ, 1927ರಲ್ಲಿ, ಮರ್ಸಿಡಿಸ್ ಗ್ಲೈಟ್ಸ್ ಎಂಬ ಹೆಣ್ಣುಮಗಳು ಇಂಗ್ಲಿಷ್ ಕಡಲ್ಗಾಲುವೆ ಈಜಿದಳು. ಲಂಡನ್ನಿನಲ್ಲಿ ಟೈಪಿಸ್ಟ್ ಕೆಲಸ ಮಾಡುತ್ತಿದ್ದವಳು, ಹಾಗೆ ಈಜಿ ದಾಟಿದ ಮೊದಲ ಬ್ರಿಟಿಷ್ ಹೆಂಗಸು. ಜನ ನಂಬಲಿಲ್ಲ. ನಿಜ ತೋರಿಸಲು ಅದೇ ಅಕ್ಟೋಬರಿನ ಕೊರೆಯುವ ನೀರಿಗೆ ಮತ್ತೆ ಇಳಿದಳು, ಕುತ್ತಿಗೆಯಲ್ಲಿ ರೋಲೆಕ್ಸ್ ತೂಗಿಕೊಂಡು. ಹತ್ತು ಗಂಟೆಗೂ ಮೀರಿ ಈಜಿ, ಚಳಿ ತಾಳದೆ ಅವಳನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ವಾಚು ಮಾತ್ರ ನಡೆಯುತ್ತಲೇ ಇತ್ತು. ಮುಂದಿನ ತಿಂಗಳು ಲಂಡನ್ ಪತ್ರಿಕೆಯ ಮುಖಪುಟದಲ್ಲಿ ಕಂಪನಿಯ ಜಾಹೀರಾತು. ಅವಳ ಮಾತನ್ನು ನಂಬದ ಲೋಕ ವಾಚನ್ನು ನಂಬಿತು. ರೋಲೆಕ್ಸ್ ಎಂದರೆ ಈಗ ನನಗೆ ನೆನಪಾಗುವುದು ಆ ಹುಡುಗಿಯ ನೀಲಿಗಟ್ಟಿದ ತುಟಿ.

ನಮ್ಮಲ್ಲಿ ಇಷ್ಟೆಲ್ಲ ಬೆಡಗು ಇರಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯ ವಾಚು ಕಾರ್ಖಾನೆ ಶುರುವಾಯಿತು, ಆಮೇಲೆ ನಮ್ಮ ತುಮಕೂರಿಗೂ ಒಂದು ಬಂತು. ವಾಚಿಗೆ 'ಜನತಾ' ಎಂದೇ ಹೆಸರಿಟ್ಟವರು ಅವರು. ನಮ್ಮ ಬೀದಿಯ ಅಕ್ಕ ಒಬ್ಬರು ಕಾರ್ಖಾನೆಯ ಬಸ್ಸಿಗೆ ಓಡುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಭೂತಗಾಜು ಹಾಕಿ, ಚಿಮುಟದಲ್ಲಿ ಸಾಸಿವೆಗಿಂತ ಚಿಕ್ಕ ಸ್ಕ್ರೂ ಕೂರಿಸುವ ಕೆಲಸ ಅವರದು. ಸೆಲ್ಲಿನ ವಾಚು ಬಂದಾಗ ಇವರು ಕೀ ಕೊಡುವುದನ್ನೇ ಹೆಚ್ಚು ನೆಚ್ಚಿಕೊಂಡರು, ಟೈಟಾನ್‌ನವರು ಮುಂದೆ ಹೋದರು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಅದೇ ಹಳೆಯ ವಾಚುಗಳನ್ನು ಹುಡುಕಿ ಕೂಡಿಡುವವರಿದ್ದಾರೆ. ಸತ್ತ ಮೇಲೆ ಅದಕ್ಕೂ ಒಂದು ಕುಲ ಸಿಕ್ಕಿತು ಎನ್ನಿ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಟೈಟಾನ್ ಸಾಕು, ಉಳಿದ ದುಡ್ಡು ಮಗಳ ಹೆಸರಿಗೆ ಬ್ಯಾಂಕಿನಲ್ಲಿಡು ಎಂದೆ. ಮದುಮಗಳೂ ಅದನ್ನೇ ಹೇಳಿದಳು. ಅಣ್ಣ ತಲೆ ತಗ್ಗಿಸಿ ಕೇಳಿದ. "ನೀನು ಹೇಳೋದೆಲ್ಲ ಸರಿ ಪುಟ್ಟೀ. ನಾಳೆ ಅವರು ವಾಚು ತಿರುಗಿಸಿ ನೋಡ್ತಾರೆ. ನೋಡೋದು ವಾಚನ್ನಲ್ಲ, ನನ್ನ ಮಗಳನ್ನ" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಸೊಸೈಟಿಯಲ್ಲಿ ಸಾಲ ತೆಗೆದು ನಲವತ್ತೈದು ಸಾವಿರದ ಸ್ವಿಸ್ ವಾಚು ತಂದ. ಚಿಕ್ಕಪ್ಪ ನಿಜಕ್ಕೂ ತಿರುಗಿಸಿ ನೋಡಿದರು, ಕನ್ನಡಕ ಏರಿಸಿಕೊಂಡು.

ಯುಗಾದಿಗೆ ಮಗಳು ಅಳಿಯ ಬಂದಿದ್ದರು. ಹುಡುಗನ ಕೈಯಲ್ಲಿ ಹೆಜ್ಜೆ ಎಣಿಸುವ ಕಪ್ಪು ರಬ್ಬರಿನ ಪಟ್ಟಿ. "ಮಾವ ಕೊಟ್ಟ ವಾಚು ಎಲ್ಲಪ್ಪಾ?" ಎಂದೆ. "ಬೀರುವಿನಲ್ಲಿದೆ ಅತ್ತೆ, ಬೈಕಿನಲ್ಲಿ ಓಡಾಡೋದಲ್ವಾ, ಗೀರು ಬಿದ್ದರೆ ಅಂತ ಭಯ" ಎಂದ. ಒಳ್ಳೆಯ ಹುಡುಗ, ಸುಳ್ಳು ಹೇಳುವವನಲ್ಲ. ಪಡಸಾಲೆಯಲ್ಲಿ ಅಣ್ಣ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದ. ಸೊಸೈಟಿಯ ಕಂತು ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇದೆ.